ಬೋರ್ಡು ಒಡೆಯುವ ಕೈ ರೌಟರ್ ಹಿಡಿಯುವುದು ಯಾವಾಗ?

ಗೆಳೆಯರೇ, ಇವತ್ತು ಸಂಜೆ ಏಳೂವರೆ ಮೇಲೆ ನಿಮ್ಮ ಬಡಾವಣೆಯ ಮುಖ್ಯರಸ್ತೆಯಲ್ಲಿ ಹೋಗಿ ನಿಂತುಕೊಳ್ಳಿ. ತಲೆ ಎತ್ತಿ ಅಂಗಡಿ ಬೋರ್ಡುಗಳನ್ನು ಒಂದೊಂದಾಗಿ ನೋಡಿ. ಇಂಗ್ಲಿಷ್ ಅಕ್ಷರ ಹೊಳೆಯುತ್ತಿರುತ್ತದೆ. ಅಕ್ರಿಲಿಕ್‌ನಲ್ಲಿ ಕೊಯ್ದು, ಒಂದಿಂಚು ಎತ್ತರಿಸಿ, ಹಿಂದೆ ಎಲ್‌ಇಡಿ ದೀಪ ಇಟ್ಟ ಅಕ್ಷರ. ಅದರ ಮೇಲೆ, ಕಾನೂನು ಹೇಳಿದ ಜಾಗದಲ್ಲಿ, ಕಾನೂನು ಹೇಳಿದ ಅಳತೆಯಲ್ಲಿ ಕನ್ನಡವೂ ಇರುತ್ತದೆ. ಆದರೆ ಅದು ಸ್ಟಿಕ್ಕರ್! ದಪ್ಪವಿಲ್ಲ, ದೀಪವಿಲ್ಲ. ಕತ್ತಲಾದ ಮೇಲೆ ಆ ಅಂಗಡಿಗೆ ಇಂಗ್ಲಿಷ್ ಹೆಸರೊಂದೇ ಉಳಿಯುತ್ತದೆ. ಎಲ್ಲ ಬೋರ್ಡುಗಳೂ ಹೀಗಿವೆ ಎಂದು ನಾನು ಹೇಳುವುದಿಲ್ಲ. ಎಷ್ಟು ಹೀಗಿವೆ ಎಂದು ನೀವೇ ಎಣಿಸಿಕೊಂಡು ಬನ್ನಿ.

ಇದಕ್ಕಾ ಸ್ವಾಮಿ ನಾವು ಹೋರಾಡಿದ್ದು?

2023ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆ ಬಂತು. 2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ಇಂಗ್ಲಿಷ್ ಬೋರ್ಡುಗಳು ಪುಡಿಪುಡಿಯಾದವು. 2024ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ, ಅದೂ ಮೇಲ್ಭಾಗದಲ್ಲಿ ಎಂದಾಯಿತು. ಭೇಷ್! ಗೆದ್ದೆವು ಎಂದು ಶಾಲು ಹೊದ್ದು ಮನೆಗೆ ಹೋದೆವು. ಆ ಜನವರಿ, ಫೆಬ್ರವರಿಯಲ್ಲಿ ಈ ಊರಿನ ಪ್ರೆಸ್ಸುಗಳಲ್ಲಿ ಏನು ನಡೆಯಿತು ಎಂದು ನಿಮಗೆ ಗೊತ್ತಿಲ್ಲ, ನನಗೆ ಗೊತ್ತು. ಅಂಗಡಿಯವರು ಸಾಲುಗಟ್ಟಿ ಬಂದರು. “ನಾಳೆ ಬೆಳಿಗ್ಗೆ ಒಳಗೆ ಏನಾದರೂ ಒಂದು ಕನ್ನಡ ಅಂಟಿಸಿ ಕೊಡಿ ಸಾರ್.” ಏನಾದರೂ ಒಂದು ಕನ್ನಡ! ಇನ್ಸ್‌ಪೆಕ್ಟರ್ ಟೇಪು ಹಿಡಿದು ಉದ್ದ ಅಗಲ ಅಳೆದ. ಅಕ್ಷರ ಯಾವುದರಲ್ಲಿ ಮಾಡಿದ್ದು, ಸರಿಯಿದೆಯೋ ಇಲ್ಲವೋ ನೋಡುವ ಕೆಲಸ ಅವನದಲ್ಲ. ಎರಡು ಬೇಸಿಗೆ, ಎರಡು ಮಳೆಗಾಲ ಕಳೆದವು. ಸ್ಟಿಕ್ಕರಿನ ತುದಿ ಎದ್ದು ಗಾಳಿಗೆ ಪಟಪಟ ಅನ್ನುತ್ತಿದೆ.

ಈಗ ನಾನು ಒಂದು ಅಪ್ರಿಯವಾದ ಮಾತು ಹೇಳುತ್ತೇನೆ. ಕೋಪ ಮಾಡಿಕೊಳ್ಳುವುದಾದರೆ ಮಾಡಿಕೊಳ್ಳಿ. ಒಂದು ಅಕ್ರಿಲಿಕ್ ಬೋರ್ಡು ಒಡೆಯಲು ಎರಡು ನಿಮಿಷ ಸಾಕು. ಒಂದು ಅಕ್ರಿಲಿಕ್ ಬೋರ್ಡಿಗೆ ಬೇಕಾದ ಕನ್ನಡ ಅಕ್ಷರಗಳನ್ನು ಕೊಯ್ಯಲು ಅರ್ಧ ದಿನ ಬೇಕು. ಮೊದಲನೆಯದಕ್ಕೆ ನೂರು ಜನ ಬರುತ್ತೀರಿ. ಎರಡನೆಯದಕ್ಕೆ ಒಬ್ಬರೂ ಇಲ್ಲ. ಕನ್ನಡ ಬೋರ್ಡಿನ ಹೋರಾಟ ಇನ್ನು ಬೀದಿಯಲ್ಲಿ ಮುಂದಕ್ಕೆ ಹೋಗುವುದಿಲ್ಲ. ಅದು ಹೋಗಬೇಕಾದದ್ದು ಷೆಡ್ಡಿನೊಳಗೆ, ಬೆಂಚಿನ ಮೇಲೆ, ಕೈಯಲ್ಲಿ ಹಿಡಿಯುವ ಒಂದು ಸಣ್ಣ ಯಂತ್ರದ ಬಾಯಿಯಲ್ಲಿ.

ಆ ಯಂತ್ರದ ಹೆಸರು ರೌಟರ್. ಅದರ ತಮ್ಮ, ಒಂದೇ ಕೈಯಲ್ಲಿ ಹಿಡಿಯುವಂಥದ್ದು, ಟ್ರಿಮ್ಮರ್. ಬಡಗಿಗಳ ಹತ್ತಿರ ನೋಡಿರುತ್ತೀರಿ, ಸನ್‌ಮೈಕಾ ಅಂಚು ತೀಡಲು ಬಳಸುತ್ತಾರೆ. ಒಂದು ಮೋಟಾರು, ಅದರ ತುದಿಯಲ್ಲಿ ಗಿರ್ರನೆ ಸುತ್ತುವ ಒಂದು ಬಿಟ್, ಕೆಳಗೆ ಒಂದು ಚಪ್ಪಟೆ ತಳ. ಅಷ್ಟೇ. ಎಸ್.ಜೆ.ಪಿ. ರಸ್ತೆಗೆ ಹೋದರೆ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ. ರಾಜ್ಯೋತ್ಸವಕ್ಕೆ ನಿಮ್ಮ ಶಾಖೆ ಕಟ್ಟಿಸುವ ಒಂದು ಕಮಾನಿನ ದುಡ್ಡಿಗಿಂತ ಕಡಿಮೆ.

ಅಂಗಡಿಯವನನ್ನು ಕೇಳಿ ನೋಡಿ, ಕನ್ನಡಕ್ಕೆ ಯಾಕಯ್ಯಾ ಸ್ಟಿಕ್ಕರ್ ಹಾಕಿಸಿದೆ ಎಂದು. ಅವನು ಬೋರ್ಡಿನವನ ಕಡೆ ಕೈ ತೋರಿಸುತ್ತಾನೆ. ಬೋರ್ಡಿನವನು ಹೇಳುತ್ತಾನೆ, “ಕನ್ನಡ ಅಕ್ಷರ ಕಟಿಂಗ್ ಕಷ್ಟ ಸಾರ್, ಸುತ್ತು ಜಾಸ್ತಿ, ಒತ್ತು ದೀರ್ಘ ಬೇರೆ. ಇಂಚಿಗೆ ರೇಟು ಜಾಸ್ತಿ ಆಗುತ್ತೆ.” ಅಂದರೆ ನಮ್ಮ ಲಿಪಿಯೇ ತಪ್ಪು ಮಾಡಿದ ಹಾಗೆ! ಐದನೇ ಶತಮಾನದಲ್ಲಿ ಹಲ್ಮಿಡಿಯ ಕಲ್ಲಿನ ಮೇಲೆ ಉಳಿ ಸುತ್ತಿಗೆಯಿಂದ ಕೊರೆದವನಿಗೆ ಕನ್ನಡ ಕಷ್ಟವಾಗಲಿಲ್ಲ. 1843ರಲ್ಲಿ ಮಂಗಳೂರಿನಲ್ಲಿ ಹೆರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದಾಗ ಕಷ್ಟವಾಗಲಿಲ್ಲ. ಕರೆಂಟಿನಲ್ಲಿ ಓಡುವ ಮೋಟಾರು ಕೈಯಲ್ಲಿ ಹಿಡಿದಿರುವ ನಿನಗೆ ಕಷ್ಟವಾಯಿತೇ?

ನಿಜ ಏನು ಗೊತ್ತೇ? ರೌಟರಿಗೆ ಇಂಗ್ಲಿಷಿಗಿಂತ ಕನ್ನಡವೇ ಹತ್ತಿರ. ಬಿಟ್ ದುಂಡಗಿದೆ. 6 ಮಿಲಿಮೀಟರ್ ಬಿಟ್ ಒಳಮೂಲೆಗೆ ಹೋದರೆ ಅಲ್ಲಿ 3 ಮಿಲಿಮೀಟರ್ ತ್ರಿಜ್ಯದ ದುಂಡು ಬಿಟ್ಟೇ ಬರುತ್ತದೆ. ಅದರಪ್ಪನಾಣೆಗೂ ಚೂಪು ಮೂಲೆ ಕೊಯ್ಯಲಾರದು. ಇಂಗ್ಲಿಷಿನ ಇ, ಎಫ್, ಎಚ್ ಅಕ್ಷರಗಳಿಗೆಲ್ಲ ಚೂಪು ಒಳಮೂಲೆ ಬೇಕು, ಕೊಯ್ದ ಮೇಲೆ ಅರ ಹಿಡಿದು ಒಂದೊಂದು ಮೂಲೆಯನ್ನೂ ತೀಡುತ್ತಾ ಕೂರಬೇಕು. ನಮ್ಮ ರ, ನಮ್ಮ ಅ, ನಮ್ಮ ಲ? ಹುಟ್ಟಿದ್ದೇ ದುಂಡಗೆ. ಬಿಟ್ ನೀರಿನಂತೆ ಸುತ್ತಿ ಬರುತ್ತದೆ. ಕಷ್ಟ ಇರುವುದು ಲಿಪಿಯಲ್ಲಲ್ಲ, ಲಿಪಿ ಗೊತ್ತಿಲ್ಲದ ಕೈಯಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ಧನಲಕ್ಷ್ಮಿ ಎಂಬ ಹೆಸರಿನ ಬೋರ್ಡು ಎಷ್ಟು ಬೀದಿಯಲ್ಲಿಲ್ಲ? ದ ಅಕ್ಷರಕ್ಕೂ ಧ ಅಕ್ಷರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳು. ಆರು ಇಂಚಿನ ಅಕ್ಷರದಲ್ಲಿ ಆ ಸೀಳು ನಾಲ್ಕೈದು ಮಿಲಿಮೀಟರ್ ಇದ್ದರೆ ಹೆಚ್ಚು. 6 ಮಿಲಿಮೀಟರ್ ಬಿಟ್ ಅದರೊಳಗೆ ಹೋಗುವುದಿಲ್ಲ. ಬಿಟ್ ಬದಲಿಸಿ 3 ಮಿಲಿಮೀಟರಿನದು ಹಾಕಬೇಕು, ಇಲ್ಲವೇ ಸಣ್ಣ ಗರಗಸದಿಂದ ಸೀಳಬೇಕು. ಅಕ್ಷರ ಗೊತ್ತಿಲ್ಲದವನು ಏನು ಮಾಡುತ್ತಾನೆ? ಏನೋ ಗೀರು ಎಂದು ಬಿಟ್ಟುಬಿಡುತ್ತಾನೆ. ಅಥವಾ ಸೀಳುತ್ತಾನೆ, ಆದರೆ ನಿಧಾನಕ್ಕೆ ಸೀಳುತ್ತಾನೆ, ಅಕ್ರಿಲಿಕ್ ಕರಗಿ ಹಿಂದೆಯೇ ಮುಚ್ಚಿಕೊಳ್ಳುತ್ತದೆ. ಬೋರ್ಡು ಮೇಲೇರುತ್ತದೆ: ದನಲಕ್ಷ್ಮಿ! ಭವನ ಬವನವಾಗುತ್ತದೆ. ಠ ಒಳಗಿನ ಚುಕ್ಕೆ ಬೇರೆ ತುಂಡು, ಅದು ಕಸದ ಜೊತೆ ಹೋದರೆ ಠ ಹೋಗಿ ರ ಆಗುತ್ತದೆ. ಅರ್ಕಾವೊತ್ತು ಬೇರೆ ತುಂಡು. ಅದನ್ನು ಅಂಟಿಸಲು ಮರೆತರೆ, ಅಥವಾ ಅಂಟು ಬಿಟ್ಟು ಬಿದ್ದರೆ, ನಾಡಿನ ಹೆಸರೇ ‘ಕನಾಟಕ’. ಅದು ಬಿದ್ದು ಆರು ತಿಂಗಳಾದರೂ ಕೆಳಗೆ ಓಡಾಡುವ ಯಾರಿಗೂ ಕಾಣುವುದಿಲ್ಲ.

ನಮ್ಮ ಬೀದಿಯ ಬೋರ್ಡ್ ಅಂಗಡಿಯಲ್ಲಿ ರೌಟರ್ ಹಿಡಿಯುವವನು ಬಿಹಾರದಿಂದ ಬಂದ ಹುಡುಗ. ಅವನನ್ನು ಬೈಯಲು ಈ ಲೇಖನ ಬರೆಯುತ್ತಿದ್ದೇನೆ ಎಂದುಕೊಂಡಿದ್ದರೆ ಪೇಪರ್ ಮಡಿಚಿಡಿ. ಅವನ ಕೈ ಚಿನ್ನ. ಒಂದು ದಿನ ನನ್ನ ಪ್ರೆಸ್ಸಿಗೆ ಪ್ರಿಂಟ್ ಹಿಡಿದುಕೊಂಡು ಬಂದ. ಭ ಅಕ್ಷರದ ಸೀಳನ್ನು ತೋರಿಸಿ, “ಅಣ್ಣಾ, ಇದು ಅಕ್ಷರಾನಾ, ಪ್ರಿಂಟಿಂಗ್ ಮಿಸ್ಟೇಕಾ?” ಎಂದು ಕೇಳಿದ. ಹೇಳಿಕೊಟ್ಟೆ. ಅವತ್ತಿನಿಂದ ಅವನು ಒಂದು ಸೀಳನ್ನೂ ಬಿಟ್ಟಿಲ್ಲ. ಕೇಳುವ ಬುದ್ಧಿ ಅವನಿಗಿದೆ. ಅವನು ಕೇಳಬಹುದಾದ ಒಬ್ಬ ಕನ್ನಡದ ಹುಡುಗ ಆ ಷೆಡ್ಡಿನಲ್ಲಿ ಯಾಕಿಲ್ಲ? ಉದ್ಯೋಗದಲ್ಲಿ ಕನ್ನಡಿಗರಿಗೆ ಪಾಲು ಬೇಕೆಂದು ಸರೋಜಿನಿ ಮಹಿಷಿ ವರದಿ ಹೆಸರು ಹೇಳಿಕೊಂಡು ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ? ಈ ಕೆಲಸ ನಮ್ಮಿಂದ ಯಾರೂ ಕಿತ್ತುಕೊಳ್ಳಲಿಲ್ಲ ಕಣ್ರೀ. ನಾವೇ ಮೂಗು ಮುರಿದು ಎದ್ದು ಬಂದೆವು. ಡಿಗ್ರಿ ಹುಡುಗನಿಗೆ ಮೈಮೇಲೆ ಪ್ಲಾಸ್ಟಿಕ್ ಪುಡಿ ಬಿದ್ದರೆ ಅವಮಾನ!

ಸರಿ, ಬೈದದ್ದು ಸಾಕು. ಕೆಲಸ ಹೇಗೆ ಎಂದು ಹೇಳುತ್ತೇನೆ, ಗಮನವಿಟ್ಟು ಓದಿ. ಇದನ್ನು ಕನ್ನಡದಲ್ಲಿ ನಿಮಗೆ ಬೇರೆ ಯಾರೂ ಹೇಳಿಲ್ಲ. ನಾನು ಕೊಂಡ ಟ್ರಿಮ್ಮರಿನ ಜೊತೆ ಬಂದ ಪುಸ್ತಿಕೆಯಲ್ಲಿ ಇಂಗ್ಲಿಷ್ ಇತ್ತು, ಇನ್ನೂ ನಾಲ್ಕಾರು ದೇಶದ ಭಾಷೆಗಳಿದ್ದವು. ಅದನ್ನು ಕೊಂಡು ಬಳಸುವ ಊರಿನ ಭಾಷೆ ಮಾತ್ರ ಇರಲಿಲ್ಲ.

ಮೊದಲು ಹಾಳೆ. ಅಕ್ರಿಲಿಕ್ ಹೊಸದೇನಲ್ಲ. 1930ರ ದಶಕದಲ್ಲಿ ಜರ್ಮನಿ, ಇಂಗ್ಲೆಂಡುಗಳಲ್ಲಿ ಹುಟ್ಟಿ, ಎರಡನೇ ಮಹಾಯುದ್ಧದಲ್ಲಿ ವಿಮಾನಗಳ ಕಿಟಕಿಯಾದದ್ದು. 8 ಅಡಿ 4 ಅಡಿಯ 3 ಮಿಲಿಮೀಟರ್ ಹಾಳೆ ಸುಮಾರು ಹತ್ತೂವರೆ ಕಿಲೋ ತೂಗುತ್ತದೆ. ಅಂಗಡಿಯಲ್ಲಿ ಎರಡು ತಳಿ ಇರುತ್ತವೆ. ಒಂದು ಕಾಸ್ಟ್, ಅಂದರೆ ಅಚ್ಚಿನಲ್ಲಿ ಎರೆದದ್ದು. ಇನ್ನೊಂದು ಎಕ್ಸ್‌ಟ್ರೂಡೆಡ್, ಯಂತ್ರದಿಂದ ಸೇವಿಗೆಯ ಹಾಗೆ ಒತ್ತಿ ತೆಗೆದದ್ದು. ಎರಡನೆಯದು ಅಗ್ಗ, ಆದರೆ ಬೇಗ ಮೆತ್ತಗಾಗುತ್ತದೆ, ಬಿಟ್ಟಿಗೆ ಅಂಟಿಕೊಳ್ಳುತ್ತದೆ. ರೌಟರ್ ಕೆಲಸಕ್ಕೆ ಎರೆದದ್ದನ್ನೇ ಕೇಳಿ ತನ್ನಿ. ಹಾಳೆಯ ಮೇಲಿನ ಕಾಗದವನ್ನು ಕೆಲಸ ಮುಗಿಯುವವರೆಗೂ ಕೀಳಬೇಡಿ. ಗೀರು ಬೀಳದಿರಲೂ ಅದು, ಗೆರೆ ಎಳೆಯಲೂ ಅದು.

ಅಕ್ರಿಲಿಕ್‌ಗೆ ಒಬ್ಬನೇ ಶತ್ರು, ಶಾಖ. ನೂರು ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದು ಮೆತ್ತಗಾಗತೊಡಗುತ್ತದೆ. ಮರ ಸುಟ್ಟರೆ ಕಪ್ಪಾಗುತ್ತದೆ, ಅಕ್ರಿಲಿಕ್ ಕರಗಿ ಕೊಯ್ದ ಸಂದನ್ನೇ ಹೊಲಿದುಬಿಡುತ್ತದೆ. ಹೊಸಬರು ಮಾಡುವುದು ಏನೆಂದರೆ, ಭಯಕ್ಕೆ ನಿಧಾನ ತಳ್ಳುತ್ತಾರೆ. ನಿಧಾನವೇ ಪ್ರಧಾನ ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ! ಲೆಕ್ಕ ಹಾಕಿ. ಬಿಟ್ ನಿಮಿಷಕ್ಕೆ 20,000 ಸುತ್ತು ಸುತ್ತುತ್ತಿದೆ. ನೀವು ನಿಮಿಷಕ್ಕೆ 2 ಮೀಟರ್ ತಳ್ಳಿದರೆ ಒಂದು ಸುತ್ತಿಗೆ ಅದು ಮುಂದೆ ಹೋಗುವುದು 0.1 ಮಿಲಿಮೀಟರ್. ನಮ್ಮ ಪ್ರೆಸ್ಸಿನ ಭಾಷೆಯಲ್ಲಿ 80 ಜಿಎಸ್‌ಎಂ ಕಾಗದದ ದಪ್ಪ. ಬಿಟ್ಟಿಗೆ ಒಂದೇ ಬಾಯಿ ಇದ್ದರೆ ಆ ಬಾಯಿ ಪ್ರತಿ ಸುತ್ತಿಗೂ ಒಂದು ಕಾಗದದಷ್ಟು ದಪ್ಪದ ಚೂರು ಕಚ್ಚಿ ಹೊರಗೆ ಎಸೆಯುತ್ತದೆ. ಶಾಖವೂ ಚೂರಿನ ಜೊತೆಗೇ ಹೊರಗೆ ಹೋಗುತ್ತದೆ. ಎರಡು ಬಾಯಿ ಇದ್ದರೆ ಒಂದೊಂದಕ್ಕೆ ಅರ್ಧ ಕಾಗದ. ಅದರ ಮೇಲೆ ನೀವು ಹೆದರಿ ನಿಮಿಷಕ್ಕೆ ಅರ್ಧ ಮೀಟರಿನಂತೆ ತಳ್ಳಿದರೆ ಒಂದು ಬಾಯಿಗೆ ಸಿಗುವುದು ಕಾಗದದ ಎಂಟನೇ ಒಂದು ಭಾಗ. ಆಗ ಬಾಯಿ ಕಚ್ಚುವುದಿಲ್ಲ, ಉಜ್ಜುತ್ತದೆ. ಉಜ್ಜಿದರೆ ಶಾಖ, ಶಾಖವಾದರೆ ಕರಗು, ಕರಗಿದರೆ ಧನಲಕ್ಷ್ಮಿ ದನವಾಗುತ್ತಾಳೆ.

ಆದ್ದರಿಂದ ಒಂದು ಬಾಯಿಯ ಬಿಟ್ ತನ್ನಿ, ಕಾರ್ಬೈಡಿನದು. ವೇಗ ಕಡಿಮೆ ಮಾಡುವ ಗುಂಡಿ ಇರುವ ಯಂತ್ರ ಸಿಕ್ಕರೆ ಒಳ್ಳೆಯದು. ಅಗ್ಗದ ಟ್ರಿಮ್ಮರುಗಳು ಸಾಮಾನ್ಯವಾಗಿ ಒಂದೇ ವೇಗದವು, ನಿಮಿಷಕ್ಕೆ 30,000 ಸುತ್ತಿನ ಹತ್ತಿರ ಓಡುತ್ತವೆ. ಅದರಲ್ಲಿ ಆ ಒಂದು ಕಾಗದದ ಲೆಕ್ಕ ಬರಬೇಕಾದರೆ ಸೆಕೆಂಡಿಗೆ 5 ಸೆಂಟಿಮೀಟರ್ ತಳ್ಳಬೇಕು. ಒಂದೇ ಸಲ ಪೂರ್ತಿ ಆಳಕ್ಕೆ ಇಳಿಸಿದರೆ ಆ ವೇಗ ಕೈಗೆ ಸಿಗುವುದಿಲ್ಲ. 3 ಮಿಲಿಮೀಟರ್ ಹಾಳೆಯನ್ನು ಎರಡು ಸಲಕ್ಕೆ, 6 ಮಿಲಿಮೀಟರ್ ಹಾಳೆಯನ್ನು ಮೂರ್ನಾಲ್ಕು ಸಲಕ್ಕೆ ಕೊಯ್ಯಿರಿ. ಕೈ ಎಲ್ಲೂ ನಿಲ್ಲಬಾರದು. ನಿಲ್ಲಿಸಲೇಬೇಕಾದರೆ ಬಿಟ್ಟನ್ನು ಹಾಳೆಯಿಂದ ಮೇಲೆತ್ತಿ ನಿಲ್ಲಿಸಿ. ಬರುವ ಪುಡಿ ನೋಡಿದರೆ ಗೊತ್ತಾಗುತ್ತದೆ: ಒಣ ಚೂರು ಹಾರುತ್ತಿದ್ದರೆ ಸರಿ, ನೂಲಿನ ಹಾಗೆ ಎಳೆ ಎಳೆಯಾಗಿ ಬಿಟ್ಟಿಗೆ ಸುತ್ತಿಕೊಳ್ಳುತ್ತಿದ್ದರೆ ಕರಗುತ್ತಿದೆ, ಬಿಟ್ ಮೊಂಡಾಗಿದೆ, ಅಥವಾ ನೀವು ನಿದ್ದೆ ಹೊಡೆಯುತ್ತಿದ್ದೀರಿ.

ಎತ್ತ ಕಡೆಗೆ ತಳ್ಳಬೇಕು? ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಅದರ ಸುತ್ತಿಗೆ ಎದುರಾಗಿ ತಳ್ಳಬೇಕು, ಸುತ್ತಿನ ಜೊತೆ ತಳ್ಳಿದರೆ ರೌಟರ್ ಹಗ್ಗ ಬಿಚ್ಚಿದ ಹೋರಿಯ ಹಾಗೆ ಎಳೆದುಕೊಂಡು ಓಡುತ್ತದೆ. ಇದನ್ನು ನೆನಪಿಡಲು ದೇವಸ್ಥಾನ ಜ್ಞಾಪಿಸಿಕೊಳ್ಳಿ. ಅಕ್ಷರದ ಒಳಗಿನ ರಂಧ್ರ ಕೊಯ್ಯುವಾಗ ಪ್ರದಕ್ಷಿಣೆ, ಹೊರಗಿನ ಅಂಚು ಕೊಯ್ಯುವಾಗ ಅಪ್ರದಕ್ಷಿಣೆ. ಮೊದಲು ಒಳಗಿನದು ಮುಗಿಸಿ, ಆಮೇಲೆ ಹೊರಗಿನದು. ಹೊರ ಅಂಚು ಮೊದಲು ಕೊಯ್ದರೆ ಅಕ್ಷರ ಕಳಚಿ ಕೈಗೆ ಬರುತ್ತದೆ, ಆಮೇಲೆ ರಂಧ್ರ ಕೊಯ್ಯಲು ಅದನ್ನು ಹಿಡಿಯುವುದು ಹೇಗೆ?

ಕೈಯಲ್ಲೇ ಗೆರೆ ನೋಡಿಕೊಂಡು ಕೊಯ್ಯುತ್ತೇನೆ ಎಂಬ ಶೂರರು ಒಂದು ಹಾಳೆ ಹಾಳು ಮಾಡಿ ನೋಡಿಕೊಳ್ಳಲಿ. ಸರಿಯಾದ ದಾರಿ ಅಚ್ಚಿನ ದಾರಿ. ಅಕ್ಷರವನ್ನು ಪೂರ್ತಿ ಅಳತೆಗೆ ಕಾಗದದ ಮೇಲೆ ಪ್ರಿಂಟ್ ತೆಗೆಯಿರಿ. 6 ಮಿಲಿಮೀಟರ್ ಎಂಡಿಎಫ್ ಹಲಗೆಯ ಮೇಲೆ ಅಂಟಿಸಿ, ಸಣ್ಣ ಗರಗಸದಲ್ಲಿ ಕೊಯ್ದು, ಅರದಿಂದ, ಉಪ್ಪುಕಾಗದದಿಂದ ಗೆರೆಯವರೆಗೆ ತೀಡಿ. ಇಲ್ಲಿ ಅವಸರ ಬೇಡ. ಅಚ್ಚಿನಲ್ಲಿ ಇರುವ ಪ್ರತಿ ಡೊಂಕೂ ಅಕ್ಷರಕ್ಕೆ ಇಳಿಯುತ್ತದೆ. ಆ ಅಚ್ಚನ್ನು ಎರಡು ಬದಿ ಅಂಟುವ ಟೇಪಿನಿಂದ ಅಕ್ರಿಲಿಕ್ ಮೇಲೆ ಕೂರಿಸಿ. ಜಿಗ್‌ಸಾದಿಂದ ಅಚ್ಚಿನ ಸುತ್ತ 2 ಮಿಲಿಮೀಟರ್ ಬಿಟ್ಟು ಒರಟಾಗಿ ಕೊಯ್ದು ತೆಗೆಯಿರಿ. ಈಗ ರೌಟರಿಗೆ ಬೇರಿಂಗ್ ಇರುವ ಬಿಟ್ ಹಾಕಿ. ಬೇರಿಂಗ್ ಅಚ್ಚಿನ ಅಂಚಿಗೆ ಒರಗಿಕೊಂಡು ಓಡುತ್ತದೆ, ಬಿಟ್ ಉಳಿದ 2 ಮಿಲಿಮೀಟರನ್ನು ತೀಡಿ ಅಚ್ಚಿನ ಪಡಿಯಚ್ಚು ತೆಗೆಯುತ್ತದೆ. ಬೇರಿಂಗ್ ಬಿಟ್ಟುಗಳಿಗೆ ಸಾಮಾನ್ಯವಾಗಿ ಎರಡು ಬಾಯಿ. ಅದಕ್ಕೇ ಅದಕ್ಕೆ 2 ಮಿಲಿಮೀಟರಿಗಿಂತ ಹೆಚ್ಚು ಕೆಲಸ ಕೊಡಬಾರದು. ರ ಅಕ್ಷರದ ಹೊಟ್ಟೆ, ಸೊನ್ನೆಯ ನಡು, ಇವಕ್ಕೆ ಮೊದಲು ಡ್ರಿಲ್ಲಿನಿಂದ ತೂತು ಮಾಡಿಕೊಂಡು ಅಲ್ಲಿಂದ ಬಿಟ್ ಇಳಿಸಬೇಕು. ಎರಡಿಂಚಿನ ಒತ್ತಕ್ಷರವನ್ನು ಯಾವ ಕಾರಣಕ್ಕೂ ಬೆರಳಲ್ಲಿ ಹಿಡಿದು ಕೊಯ್ಯಬೇಡಿ. ಕೆಳಗೊಂದು ವೇಸ್ಟ್ ಪ್ಲೈವುಡ್ ಇಟ್ಟು, ಟೇಪಿನಿಂದ ಅದಕ್ಕೆ ಅಂಟಿಸಿ ಕೊಯ್ಯಿರಿ.

ಇಲ್ಲೇ ನನ್ನ ತಲೆಯಲ್ಲಿರುವ ಒಂದು ಯೋಜನೆ ಹೇಳಿಬಿಡುತ್ತೇನೆ. ನಮ್ಮಪ್ಪ ಟ್ರೆಡಲ್ ಮೆಷಿನ್ ಇಟ್ಟಿದ್ದ ಕಾಲದಲ್ಲಿ ಪ್ರೆಸ್ಸಿನ ಗೋಡೆಗೆ ಒರಗಿಸಿದ ಮೊಳೆಗಳ ಕೇಸುಗಳಿರುತ್ತಿದ್ದವು. ಅಕ್ಷರ ಒಂದು ಮನೆಯಲ್ಲಿ, ಗುಣಿತದ ಚಿಹ್ನೆ ಒಂದು ಮನೆಯಲ್ಲಿ, ಒತ್ತು ಒಂದು ಮನೆಯಲ್ಲಿ. ಕಂಪೋಸಿಟರ್ ಕಣ್ಣು ಮುಚ್ಚಿಕೊಂಡು ಕೈ ಹಾಕಿ ತೆಗೆಯುತ್ತಿದ್ದ. ಅದೇ ಲೆಕ್ಕದಲ್ಲಿ ಎಂಡಿಎಫ್ ಅಚ್ಚುಗಳ ಒಂದು ಪೆಟ್ಟಿಗೆ ಯಾಕೆ ಮಾಡಬಾರದು? ಆರು ಇಂಚಿನದೊಂದು, ಒಂಬತ್ತು ಇಂಚಿನದೊಂದು. ಸ್ವರ, ವ್ಯಂಜನ, ದೀರ್ಘ, ಒತ್ತು, ಅರ್ಕಾವೊತ್ತು, ಸೊನ್ನೆ ಎಲ್ಲ ಬಿಡಿ ಬಿಡಿ. ಒಂದು ಸಲ ಮಾಡಿದರೆ ವರ್ಷಗಟ್ಟಲೆ ಬಾಳುತ್ತದೆ. ಒಂದು ವಾರ್ಡಿಗೆ ಒಂದು ಪೆಟ್ಟಿಗೆ ಸಾಕು. ಔಷಧಿ ಅಂಗಡಿ, ದಿನಸಿ ಅಂಗಡಿ, ಸೈಕಲ್ ಷಾಪು, ಯಾರು ಬೇಕಾದರೂ ಬರಲಿ, ಅಕ್ಷರ ಜೋಡಿಸಿ ಕೊಯ್ದು ಕೊಡಿ, ಕೂಲಿ ತೆಗೆದುಕೊಳ್ಳಿ. ಬಿಟ್ಟಿ ಬೇಡ. ಬಿಟ್ಟಿ ಮಾಡಿದ ಕನ್ನಡ ಕೆಲಸ ಎರಡು ತಿಂಗಳ ಮೇಲೆ ನಡೆದದ್ದನ್ನು ನಾನು ನೋಡಿಲ್ಲ.

ಈಗ ಒಬ್ಬ ಬುದ್ಧಿವಂತ ಎದ್ದು ನಿಲ್ಲುತ್ತಾನೆ: “ಅಂಕಲ್, ಇದು ಲೇಸರ್ ಕಾಲ. ಫೈಲ್ ಕೊಟ್ಟರೆ ಮೆಷಿನ್ನೇ ಕೊಯ್ಯುತ್ತೆ.” ಕೊಯ್ಯುತ್ತದೆ ತಮ್ಮಾ, ನನಗೂ ಗೊತ್ತು. ಅಂಚು ಕನ್ನಡಿಯ ಹಾಗೆ ಬರುತ್ತದೆ. ಲಕ್ಷಗಟ್ಟಲೆ ಕೊಟ್ಟು ನೀನು ಮೆಷಿನ್ ತರುತ್ತೀಯಾ? ತಂದರೆ ನಾನೇ ಮೊದಲ ಗಿರಾಕಿ. ಆದರೆ ಮೆಷಿನ್ ಕೊಯ್ಯುವುದು ನೀನು ಕೊಟ್ಟ ಫೈಲನ್ನು. ಕನ್ನಡ ಗೊತ್ತಿಲ್ಲದ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಒಡೆದು ‘ಕನ್ ನಡ’ ಎಂದು ಕೂತಿದ್ದರೆ ಲೇಸರ್ ಅದನ್ನೇ ಕನ್ನಡಿಯಂಥ ಅಂಚಿನಲ್ಲಿ ಕೊಯ್ದು ಕೊಡುತ್ತದೆ. ಇನ್ನೊಂದು, ಬೋರ್ಡಿನ ಅಂಗಡಿಯಲ್ಲಿ ಅಕ್ರಿಲಿಕ್ ಪಕ್ಕದಲ್ಲೇ ಸನ್‌ಬೋರ್ಡ್ ಇರುತ್ತದೆ. ಅದು ಪಿವಿಸಿ. ಅಪ್ಪಿತಪ್ಪಿ ಲೇಸರಿಗೆ ಕೊಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಮನುಷ್ಯನ ಶ್ವಾಸಕೋಶವನ್ನೂ ಯಂತ್ರವನ್ನೂ ತಿನ್ನುತ್ತದೆ. ರೌಟರ್ ಎರಡನ್ನೂ ಕೊಯ್ಯುತ್ತದೆ. ಏಣಿ ಹತ್ತಿ ಗೋಡೆಯ ಮೇಲಿರುವ ಬೋರ್ಡಿನ ಅಂಚು ತೀಡಬೇಕಾದಾಗ ಲೇಸರ್ ಮೆಷಿನ್ನನ್ನು ಏಣಿಯ ಮೇಲೆ ಹೊತ್ತುಕೊಂಡು ಹೋಗುತ್ತೀಯೇನು?

ಕೂರಿಸುವಾಗಲೂ ಒಂದು ಮಾತು. ಅಕ್ರಿಲಿಕ್ ಬಿಸಿಲಿಗೆ ಹಿಗ್ಗುತ್ತದೆ. 8 ಅಡಿ ಉದ್ದದ ಹಾಳೆ 20 ಡಿಗ್ರಿ ಬಿಸಿಯೇರಿದರೆ 3 ಮಿಲಿಮೀಟರಿಗಿಂತ ಹೆಚ್ಚು ಬೆಳೆಯುತ್ತದೆ. ಸ್ಕ್ರೂ ತೂತು ಬಿಗಿಯಾಗಿದ್ದರೆ ಹಾಳೆ ತೂತಿನಿಂದಲೇ ಬಿರುಕು ಬಿಡುತ್ತದೆ. ತೂತು ಸಡಿಲ ಇಡಿ. ಅಂಚನ್ನು ಬೆಂಕಿಯ ಜ್ವಾಲೆ ತೋರಿಸಿ ಹೊಳಪು ಮಾಡುವವರಿದ್ದಾರೆ, ಆ ಅಂಚಿಗೆ ಆಮೇಲೆ ಕ್ಲೋರೋಫಾರ್ಮ್ ತಗುಲಿದರೆ ಸಣ್ಣ ಸಣ್ಣ ಬಿರುಕು ಜೇಡರ ಬಲೆಯ ಹಾಗೆ ಏಳುತ್ತದೆ. ಅಂಟಿಸುವ ಅಂಚನ್ನು ನೀರು ಹಾಕಿ ಎಮರಿ ಪೇಪರಿನಲ್ಲಿ ತಿಕ್ಕಿದರೆ ಸಾಕು.

ಕ್ಲೋರೋಫಾರ್ಮ್ ಮಾತು ಬಂತು, ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ ಎಂದು ಸಂಪಾದಕರಿಗೆ ಹೇಳಿದ್ದೇನೆ. ಅಕ್ರಿಲಿಕ್ ಅಂಟಿಸಲು ನಮ್ಮ ಬೋರ್ಡ್ ಅಂಗಡಿಗಳಲ್ಲಿ ಅದನ್ನು ಬಾಟಲಿಗಟ್ಟಲೆ ಬಳಸುತ್ತಾರೆ, ಬಾಗಿಲು ಹಾಕಿದ ಹತ್ತಡಿ ಕೋಣೆಯಲ್ಲಿ! ಅದು ಯಕೃತ್ತನ್ನು ಹಾಳು ಮಾಡುವ ವಿಷ. ಗಾಳಿಯಾಡುವ ಜಾಗದಲ್ಲಿ ಮಾತ್ರ ಮುಚ್ಚಳ ತೆಗೆಯಿರಿ. ರೌಟರ್ ಹಿಡಿಯುವಾಗ ಕಣ್ಣಿಗೆ ಗಾಗಲ್, ಮೂಗಿಗೆ ಮಾಸ್ಕ್, ಕಿವಿಗೆ ಹತ್ತಿಯಲ್ಲ, ಇಯರ್ ಪ್ಲಗ್. ಅಕ್ರಿಲಿಕ್ ಚೂರು ಗಾಜಿನಷ್ಟೇ ಚೂಪು, ಪಾರದರ್ಶಕ ಬೇರೆ. ಕಣ್ಣಿಗೆ ಬಿದ್ದರೆ ಹುಡುಕಿ ತೆಗೆಯಲು ಡಾಕ್ಟರಿಗೇ ಕಷ್ಟ. ನನಗೆ ಗೊತ್ತಿರುವ ಒಂದು ವರ್ಕ್‌ಷಾಪಿನಲ್ಲಿ ಹತ್ತೊಂಬತ್ತರ ಹುಡುಗ ಹೀಗೇ ಒಂದು ಕಣ್ಣಿನ ಅರ್ಧ ದೃಷ್ಟಿ ಕಳೆದುಕೊಂಡ. ಮಾಲೀಕ ಗಾಗಲ್ ತಂದಿಟ್ಟಿದ್ದನಂತೆ. ಡಬ್ಬಿಯ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿತ್ತು, ಡಬ್ಬಿಯನ್ನು ಯಾರೂ ತೆರೆದಿರಲಿಲ್ಲ, ಇದು ಹೀಗೆ ಅಂತ ಹೇಳಿದವರೂ ಇರಲಿಲ್ಲ. ಭಾಷೆ ಎಂದರೆ ಬರೀ ಅಭಿಮಾನ ಅಂದುಕೊಂಡಿರುವವರು ಆ ಹುಡುಗನ ತಾಯಿಯನ್ನು ಮಾತಾಡಿಸಿಕೊಂಡು ಬರಲಿ.

ಬಿಟ್ ಬದಲಿಸುವಾಗ ಪ್ಲಗ್ ಕಿತ್ತೇ ಬದಲಿಸಿ, ಸ್ವಿಚ್ ಆರಿಸಿದರೆ ಸಾಲದು. ಬಿಟ್ ಹಿಡಿಯುವ ಕಾಲೆಟ್ 6 ಮಿಲಿಮೀಟರಿನದೋ ಕಾಲಿಂಚಿನದೋ ಮೊದಲು ನೋಡಿ. ಕಾಲಿಂಚು ಅಂದರೆ 6.35. ಆ ಕಾಲೆಟ್ಟಿಗೆ 6 ಮಿಲಿಮೀಟರ್ ದಂಡದ ಬಿಟ್ ಹಾಕಿದರೆ ಕೂತ ಹಾಗೆ ಕಾಣುತ್ತದೆ, 30,000 ಸುತ್ತಿನಲ್ಲಿ ಜಾರಿ ಗುಂಡಿನ ಹಾಗೆ ಹಾರುತ್ತದೆ. ಇನ್ನು ಹೆಗಲ ಮೇಲಿನ ಕೆಂಪು ಹಳದಿ ಶಾಲು. ಅದನ್ನು ಮೊಳೆಗೆ ನೇತುಹಾಕಿ ಬನ್ನಿ. ಬಿಟ್ಟಿಗೆ ಸಿಕ್ಕಿಕೊಂಡರೆ ಅದು ನಿಮ್ಮ ಕುತ್ತಿಗೆಯನ್ನೂ ಜೊತೆಗೆ ಕರೆದುಕೊಳ್ಳುತ್ತದೆ.

ಸಂಘಟನೆಗಳ ನಾಯಕರಿಗೆ ಎರಡು ಮಾತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಬೆಂಗಳೂರಿನಲ್ಲಿ ಫ್ಲೆಕ್ಸುಗಳನ್ನು ಹರಿದು ಲಾರಿಗಟ್ಟಲೆ ಸಾಗಿಸಿದರು. ಆ ರಾಶಿಯಲ್ಲಿ ನಿಮ್ಮ ನಗುಮುಖಗಳೂ ಇದ್ದವು. ಫ್ಲೆಕ್ಸ್ ಹಾಕಿಸಿಕೊಂಡು ನನ್ನಂಥ ಪ್ರಿಂಟರುಗಳು ದುಡಿದದ್ದೂ ಉಂಟು, ಇಲ್ಲವೆನ್ನುವುದಿಲ್ಲ, ಅದು ನಮ್ಮ ಹೊಟ್ಟೆಪಾಡು. ಆದರೆ ಈ ನವೆಂಬರಿನಲ್ಲಿ ಒಂದೇ ಒಂದು ಆರ್ಕೆಸ್ಟ್ರಾ ಕಡಿಮೆ ಮಾಡಿ. ಆ ದುಡ್ಡಿಗೆ ಎರಡು ಟ್ರಿಮ್ಮರ್, ಒಂದು ಜಿಗ್‌ಸಾ, ಅರ್ಧ ಡಜನ್ ಬಿಟ್, ಹತ್ತು ಗಾಗಲ್ ಬರುತ್ತದೆ. ಶಾಖೆಯ ಕಚೇರಿಯ ಹಿಂದೆ ಒಂದು ಗಟ್ಟಿ ಬೆಂಚು ಹಾಕಿ. ಇನ್ನು ಮುಂದೆ ಅಂಗಡಿಯವನ ಹತ್ತಿರ ಹೋಗುವಾಗ ಮನವಿ ಪತ್ರದ ಜೊತೆ ಒಂದು ರ ಅಕ್ಷರ ಕೊಯ್ದು ತೆಗೆದುಕೊಂಡು ಹೋಗಿ. “ಯಜಮಾನರೇ, ಇಂಗ್ಲಿಷಿಗೆ ಕೊಟ್ಟ ಬೆಲೆಗೇ ಕನ್ನಡ ಕೊಯ್ದು, ದೀಪ ಹಾಕಿ, ನಿಲ್ಲಿಸಿ ಕೊಡುತ್ತೇವೆ, ಆರ್ಡರ್ ಕೊಡಿ” ಎನ್ನಿ. ರೇಟು ಜಾಸ್ತಿ ಎಂಬ ನೆಪ ಅಲ್ಲಿಗೆ ಮುಗಿಯುತ್ತದೆ. ಆಮೇಲೂ ಸ್ಟಿಕ್ಕರೇ ಸಾಕು ಎಂದರೆ ಅವನ ಮನಸ್ಸಿನಲ್ಲಿ ಏನಿದೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ, ಆಗ ಜಗಳ ಆಡೋಣ.

ನನ್ನ ಪ್ರೆಸ್ಸಿನ ಹಿಂದಿನ ಷೆಡ್ಡಿನಲ್ಲಿ ಭಾನುವಾರ ಮೆಷಿನ್ ಓಡುವುದಿಲ್ಲ, ಬೆಂಚು ಖಾಲಿ ಇರುತ್ತದೆ. ಬೋರ್ಡಿನವರು ಎಸೆಯುವ 3 ಮಿಲಿಮೀಟರ್ ತುಂಡುಗಳನ್ನು ಎರಡು ಗೋಣಿಚೀಲ ತುಂಬಿಸಿಟ್ಟಿದ್ದೇನೆ. ಬಿಹಾರದ ಹುಡುಗನೂ ಬರುತ್ತೇನೆ ಎಂದಿದ್ದಾನೆ, ರೌಟರ್ ಅವನು ಹೇಳಿಕೊಡುತ್ತಾನೆ, ಅಕ್ಷರ ನೀವು ಅವನಿಗೆ ಹೇಳಿಕೊಡಿ. ಮೊದಲ ವಾರ ಬರೀ ಸೊನ್ನೆ, ಎರಡನೇ ವಾರ ರ, ಅದು ಕೈಗೆ ಕೂತ ಮೇಲೆ ಧ. ಈ ಪತ್ರಿಕೆ ತಂದುಕೊಡುವ ಹುಡುಗನನ್ನು ಕೇಳಿದರೆ ದಾರಿ ಹೇಳುತ್ತಾನೆ. ಚಹಾ ನಾನು ಕೊಡಿಸುತ್ತೇನೆ, ಗಾಗಲ್ ನೀವೇ ತನ್ನಿ.